ಪೋಲಾರ್ ಎಚ್‌10 ಎದೆಪಟ್ಟಿ: ದಿನದ ಓಟವನ್ನು ನಿರ್ಧರಿಸಲು ಎಷ್ಟು ನಂಬಬಹುದು?

ದೂರದ ಓಟಕ್ಕೆ ತಯಾರಾಗುವವರಿಗೆ ಪ್ರತಿದಿನ ಬೆಳಿಗ್ಗೆ ಎದುರಾಗುವ ಪ್ರಶ್ನೆ ಒಂದೇ: ಇಂದು ಕಠಿಣ ಅಭ್ಯಾಸ ಮಾಡಬೇಕೇ, ಇಲ್ಲವೇ ಹಗುರವಾಗಿ ಓಡಿ ಮನೆಗೆ ಮರಳಬೇಕೇ? ವೇಳಾಪಟ್ಟಿಯಲ್ಲಿ ಮಂಗಳವಾರ ಇಂಟರ್ವಲ್ (ನಡುನಡುವೆ ವಿರಾಮವಿಟ್ಟು ಓಡುವ ವೇಗದ ಓಟಗಳು) ಎಂದು ಬರೆದಿರುತ್ತದೆ. ಆದರೆ ಸೋಮವಾರ ರಾತ್ರಿ ಆ ಓಟಗಾರ ಎಷ್ಟು ಹೊತ್ತಿಗೆ ಮಲಗಿದ, ಕಚೇರಿಯ ಕೆಲಸ ಅವನನ್ನು ಎಷ್ಟು ದಣಿಸಿತು, ಮೈಯಲ್ಲಿ ಜ್ವರ ಬರುವ ಸೂಚನೆಯೇನಾದರೂ ಇದೆಯೇ ಎಂಬುದು ವೇಳಾಪಟ್ಟಿಗೆ ತಿಳಿಯದು. ಈ ಕೊರತೆಯನ್ನು ತುಂಬುತ್ತೇವೆಂದು ಹೇಳಿಕೊಂಡು ಬಂದಿರುವುವೇ ಎಚ್‌ಆರ್‌ವಿ, ಅಂದರೆ ಹೃದಯ ಬಡಿತಗಳ ನಡುವಿನ ಅಂತರದ ಏರಿಳಿತವನ್ನು ಅಳೆಯುವ ಸಾಧನಗಳು. ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಮತ್ತು ಹಾಫ್ ಮ್ಯಾರಥಾನ್ ಓಡುವ ಹವ್ಯಾಸಿಗಳಿಗೆ ತರಬೇತಿ ನೀಡುವ ನಾನು ಕೆಲವು ವರ್ಷಗಳಿಂದ ಇಂಥ ಸಾಧನಗಳನ್ನು ನನ್ನ ಮೇಲೂ ನನ್ನ ಓಟಗಾರರ ಮೇಲೂ ಬಳಸಿ ನೋಡಿದ್ದೇನೆ. ಈ ವಿಮರ್ಶೆ ಮುಖ್ಯವಾಗಿ ಪೋಲಾರ್ ಕಂಪನಿಯ ಎಚ್‌10 ಎದೆಪಟ್ಟಿಯನ್ನೂ ಅದರೊಂದಿಗೆ ಬಳಸುವ ಫೋನ್ ಆಪ್‌ಗಳನ್ನೂ ಕುರಿತದ್ದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಪಟ್ಟಿ ಮಾಡುವ ಅಳತೆಯನ್ನು ನಿಶ್ಚಿಂತೆಯಿಂದ ನಂಬಬಹುದು, ಆ ಅಳತೆಗೆ ಆಪ್‌ಗಳು ಹಚ್ಚುವ ಹಸಿರು, ಹಳದಿ, ಕೆಂಪು ಬಣ್ಣಗಳನ್ನು ಮಾತ್ರ ಓಟಗಾರನ ಮಾತಿನ ಜೊತೆಗಿಟ್ಟು ತೂಗಿ ನೋಡಲೇಬೇಕು.

ಅಳೆಯುವ ವಸ್ತು ಏನೆಂಬುದು ತಿಳಿಯದಿದ್ದರೆ ಸಾಧನದ ಗುಣದೋಷ ಅರ್ಥವಾಗುವುದಿಲ್ಲ. ನಿಮಿಷಕ್ಕೆ 64 ಬಾರಿ ಬಡಿಯುವ ಹೃದಯ ಪ್ರತಿ ಬಡಿತವನ್ನೂ ಸಮಾನ ಅಂತರದಲ್ಲಿ ಬಡಿಯುವುದಿಲ್ಲ. ಉಸಿರು ಒಳಗೆ ಹೋಗುವಾಗ ಬಡಿತ ತುಸು ಚುರುಕಾಗುತ್ತದೆ, ಹೊರಗೆ ಬರುವಾಗ ನಿಧಾನಿಸುತ್ತದೆ. ದೇಹವನ್ನು ವಿಶ್ರಾಂತಿಗೂ ಚೇತರಿಕೆಗೂ ಹೊಂದಿಸುವ ವೇಗಸ್ ನರ ಹೃದಯದ ಮೇಲೆ ಚೆನ್ನಾಗಿ ಹಿಡಿತ ಹೊಂದಿದ್ದಾಗ ಈ ಏರಿಳಿತ ಹೆಚ್ಚು. ದಣಿವು, ನಿದ್ರಾಹೀನತೆ, ಸೋಂಕು, ಮದ್ಯಪಾನ, ಮಾನಸಿಕ ಒತ್ತಡ ಇವುಗಳಲ್ಲಿ ಯಾವುದರಿಂದಲಾದರೂ ಆ ಹಿಡಿತ ಸಡಿಲಗೊಂಡಾಗ ಏರಿಳಿತ ಕಡಿಮೆ. ಒಂದರ ಹಿಂದೊಂದು ಬಂದ ನಾಲ್ಕು ಅಂತರಗಳು 900, 950, 910 ಮತ್ತು 960 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಇವುಗಳ ನಡುವಿನ ವ್ಯತ್ಯಾಸ 50, 40, 50. ಈ ಮೂರನ್ನೂ ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡುಹಿಡಿದರೆ ಸುಮಾರು 47 ಮಿಲಿಸೆಕೆಂಡ್ ಬರುತ್ತದೆ. ಆರ್‌ಎಂಎಸ್‌ಎಸ್‌ಡಿ ಎಂದು ಕರೆಯುವ ಈ ಸಂಖ್ಯೆಯೇ ಕ್ರೀಡಾ ತರಬೇತಿಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎಚ್‌ಆರ್‌ವಿ ಅಳತೆ.

ಬಡಿತಗಳ ಅಂತರಕ್ಕೆ ವೈದ್ಯಕೀಯ ಮಹತ್ವವಿದೆ ಎಂಬ ತಿಳಿವಳಿಕೆ ಹೊಸದಲ್ಲ. ಗರ್ಭಸ್ಥ ಶಿಶು ಸಂಕಟಕ್ಕೆ ಸಿಲುಕಿದಾಗ ಅದರ ಬಡಿತದ ವೇಗ ಬದಲಾಗುವುದಕ್ಕೂ ಮೊದಲೇ ಬಡಿತಗಳ ನಡುವಿನ ಅಂತರದಲ್ಲಿ ಬದಲಾವಣೆ ಕಾಣುತ್ತದೆ ಎಂಬುದನ್ನು ಹಾನ್ ಮತ್ತು ಲೀ ಎಂಬ ಸಂಶೋಧಕರು 1965ರಲ್ಲಿ ಗುರುತಿಸಿದರು. 1996ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಹೃದ್ರೋಗ ಸಂಘಗಳ ಜಂಟಿ ಸಮಿತಿಯೊಂದು ಇದನ್ನು ಅಳೆಯುವ ಕ್ರಮಗಳನ್ನು ನಿಗದಿಪಡಿಸಿತು. ಆಸ್ಪತ್ರೆಯ ಈ ವಿದ್ಯೆಯನ್ನು ಮೈದಾನಕ್ಕೆ ತಂದವರಲ್ಲಿ ಫಿನ್ಲೆಂಡ್ ದೇಶದವರ ಪಾಲು ದೊಡ್ಡದು. 1977ರಲ್ಲಿ ಸ್ಥಾಪನೆಯಾದ ಪೋಲಾರ್ ಕಂಪನಿಯ ನೆಲೆ ಔಲು ನಗರದ ಪಕ್ಕದ ಕೆಂಪೆಲೆ. ಬೆರಳಿಗೆ ತೊಟ್ಟು ಎಚ್‌ಆರ್‌ವಿ ಅಳೆಯುವ ಓರಾ ಉಂಗುರ ಹುಟ್ಟಿದ್ದು ಅದೇ ಔಲುವಿನಲ್ಲಿ. ಎಚ್‌ಆರ್‌ವಿ ಲೆಕ್ಕಹಾಕಲು ಅನೇಕ ಸಂಶೋಧಕರು ಬಳಸುವ ಕುಬಿಯೋಸ್ ತಂತ್ರಾಂಶವೂ, ವಾಚು ತಯಾರಿಸುವ ಗಾರ್ಮಿನ್ ಕಂಪನಿ 2020ರಲ್ಲಿ ಕೊಂಡುಕೊಂಡ, ಬಡಿತದ ಮಾಹಿತಿ ವಿಶ್ಲೇಷಿಸುವ ಫಸ್ಟ್‌ಬೀಟ್ ಅನಲಿಟಿಕ್ಸ್ ಕೂಡ ಅದೇ ದೇಶದವು.

ಈಗ ಪಟ್ಟಿಯ ವಿಷಯಕ್ಕೆ ಬರೋಣ. ಎಚ್‌10 ಎಂದರೆ ಎದೆಯ ಕೆಳಭಾಗಕ್ಕೆ ಸುತ್ತಿಕೊಳ್ಳುವ ಮೆತ್ತನೆಯ ಬಟ್ಟೆಪಟ್ಟಿ ಮತ್ತು ಅದರ ಮಧ್ಯದಲ್ಲಿ ಎರಡು ಗುಂಡಿಗಳಿಂದ ಕೂರುವ ಪುಟ್ಟ ಸಂವೇದಕ. ಪಟ್ಟಿಯ ಒಳಮೈಯಲ್ಲಿರುವ ಎಲೆಕ್ಟ್ರೋಡ್‌ಗಳು ಇಸಿಜಿ ಯಂತ್ರದಂತೆಯೇ ಹೃದಯದ ವಿದ್ಯುತ್ ಸಂಕೇತವನ್ನು ಹಿಡಿಯುತ್ತವೆ. ಬ್ಲೂಟೂತ್ ಮೂಲಕ ಫೋನಿಗೂ, ಆಂಟ್‌ಪ್ಲಸ್ ಎಂಬ ಇನ್ನೊಂದು ನಿಸ್ತಂತು ಸಂಪರ್ಕದ ಮೂಲಕ ಬೇರೆ ಕಂಪನಿಗಳ ವಾಚುಗಳಿಗೂ ಪ್ರತಿ ಬಡಿತದ ಅಂತರವನ್ನು ಕಳುಹಿಸುತ್ತದೆ. ಸಿಆರ್2025 ಎಂಬ ನಾಣ್ಯದಾಕಾರದ ಸೆಲ್ಲಿನಲ್ಲಿ 400 ಗಂಟೆಗಳವರೆಗೆ ನಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ದಿನಕ್ಕೊಂದು ಗಂಟೆ ಬಳಸುವವರಿಗೆ ಅದು ಒಂದು ವರ್ಷಕ್ಕೂ ಮಿಕ್ಕಿದ ಆಯಸ್ಸು. ಬೆಲೆ ಮಾರಾಟದ ದಿನಗಳಲ್ಲಿ ಇಳಿದು ಮತ್ತೆ ಏರುತ್ತಿರುತ್ತದೆಯಾದರೂ ಒಳ್ಳೆಯ ಒಂದು ಜೊತೆ ಓಟದ ಶೂಗಳಿಗೆ ಕೊಡುವ ಹಣದ ಆಸುಪಾಸಿನಲ್ಲಿ ಇರುತ್ತದೆ. ಅಂಗೈಯಲ್ಲಿ ಮುಚ್ಚಿಡಬಹುದಾದ ಈ ಸಂವೇದಕದ ನಿಖರತೆಯನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು ಹೋಲ್ಟರ್ ಎಂಬ, ಮೈಮೇಲೆ ಧರಿಸಿ ಓಡಾಡಬಹುದಾದ ವೈದ್ಯಕೀಯ ಇಸಿಜಿ ಯಂತ್ರದೊಂದಿಗೆ ಹೋಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ದೇಹ ಜೋರಾಗಿ ಚಲಿಸುವ ಕಠಿಣ ವ್ಯಾಯಾಮಗಳಲ್ಲಿ ಎಚ್‌10 ಹೋಲ್ಟರಿಗಿಂತಲೂ ಸ್ವಚ್ಛವಾದ ಸಂಕೇತ ನೀಡಿತು ಎಂಬುದು ಅವರ ನಿರ್ಣಯ. ಕ್ರೀಡಾಪಟುಗಳಿಗಾಗಿ ಮಾರುವ ವಸ್ತುವೊಂದಕ್ಕೆ ಇದು ಸಣ್ಣ ಪ್ರಶಂಸೆಯಲ್ಲ.

ಸಂಕೇತ ಸ್ವಚ್ಛವಾಗಿರಬೇಕೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸಾಮಾನ್ಯ ಹೃದಯ ಬಡಿತದ ಲೆಕ್ಕದಲ್ಲಿ ಒಂದು ಬಡಿತ ತಪ್ಪಿಹೋದರೆ 64ರ ಬದಲು 63 ಎಂದು ಕಾಣುತ್ತದೆ, ಅಷ್ಟೆ. ಎಚ್‌ಆರ್‌ವಿಯಲ್ಲಿ ಹಾಗಲ್ಲ. ಮೇಲಿನ ಉದಾಹರಣೆಯ ಓಟಗಾರ ಒಂದು ನಿಮಿಷ ಅಳತೆ ಮಾಡುವಾಗ ಒಂದೇ ಒಂದು ಬಡಿತವನ್ನು ಸಾಧನ ಗಮನಿಸದೆ ಹೋಯಿತೆನ್ನಿ. ಆಗ ಎರಡು ಅಂತರಗಳು ಕೂಡಿಕೊಂಡು ಸುಮಾರು 1,860 ಮಿಲಿಸೆಕೆಂಡಿನ ಒಂದೇ ಅಂತರವಾಗುತ್ತದೆ. ಅದರ ಹಿಂದಿನ ಮತ್ತು ಮುಂದಿನ ಅಂತರಗಳೊಡನೆ ವ್ಯತ್ಯಾಸ ಒಂಬೈನೂರನ್ನು ದಾಟುತ್ತದೆ. ಇವುಗಳನ್ನು ವರ್ಗ ಮಾಡಿ ಲೆಕ್ಕಕ್ಕೆ ಸೇರಿಸಿದರೆ 47 ಬರಬೇಕಾದ ಕಡೆ 170ಕ್ಕಿಂತ ಹೆಚ್ಚು ಬರುತ್ತದೆ. ಒಳ್ಳೆಯ ಆಪ್‌ಗಳು ಇಂಥ ತಪ್ಪುಗಳನ್ನು ಗುರುತಿಸಿ ತೆಗೆದುಹಾಕುತ್ತವೆ ನಿಜ, ಆದರೆ ತಪ್ಪೇ ಇಲ್ಲದ ಸಂಕೇತಕ್ಕೆ ಅದು ಸಮನಲ್ಲ. ಆದ್ದರಿಂದ ಪಟ್ಟಿಯ ಒಳಮೈಯನ್ನು ನೀರಿನಿಂದ ಚೆನ್ನಾಗಿ ಒದ್ದೆ ಮಾಡುವುದು, ಉಸಿರಾಟಕ್ಕೆ ತೊಡಕಾಗದಂತೆ ಆದರೆ ಜಾರದಂತೆ ಬಿಗಿಯುವುದು ಇವೆರಡನ್ನೂ ನಾನು ಹೊಸಬರಿಗೆ ಮೊದಲ ಪಾಠವಾಗಿ ಹೇಳುತ್ತೇನೆ. ಚಳಿಗಾಲದ ಒಣಹವೆಯಲ್ಲಿ ಚರ್ಮ ಒಣಗಿರುವಾಗ ಇನ್ನಷ್ಟು ನೀರು ಬೇಕಾಗುತ್ತದೆ.

ಅಳತೆಯ ಕ್ರಮ ಸರಳ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಕಾಫಿ ಅಥವಾ ಚಹಾ ಮುಟ್ಟುವ ಮೊದಲು, ಫೋನಿನ ಸಂದೇಶಗಳನ್ನು ತೆರೆಯುವ ಮೊದಲು, ಪಟ್ಟಿ ಕಟ್ಟಿಕೊಂಡು ಒಂದೆರಡು ನಿಮಿಷ ಸುಮ್ಮನೆ ಕೂರಬೇಕು; ಉಸಿರನ್ನು ಬೇಕೆಂದೇ ನಿಧಾನಗೊಳಿಸಬಾರದು. ಮಲಗಿ ಅಳೆಯುವವರು ಪ್ರತಿದಿನವೂ ಮಲಗಿಯೇ, ಕುಳಿತು ಅಳೆಯುವವರು ಕುಳಿತೇ ಅಳೆಯಬೇಕು. ವಿಶ್ರಾಂತಿಯಲ್ಲಿ ಬಡಿತ ಬಹಳ ಕಡಿಮೆ ಇರುವ ನುರಿತ ಓಟಗಾರರಿಗೆ ಕುಳಿತು ಅಥವಾ ನಿಂತು ಅಳೆಯುವುದನ್ನೇ ಸೂಚಿಸುತ್ತೇನೆ. ಅಂಥವರು ಮಲಗಿದಾಗ ವೇಗಸ್ ನರದ ಪ್ರಭಾವ ಅದರ ಗರಿಷ್ಠ ಮಟ್ಟವನ್ನು ಮುಟ್ಟಿಬಿಟ್ಟಿರುತ್ತದೆ. ಆ ಮಟ್ಟದಲ್ಲಿ ಉಸಿರಿನೊಂದಿಗಿನ ಏರಿಳಿತವೇ ತಗ್ಗುವುದರಿಂದ, ಚೇತರಿಕೆ ಚೆನ್ನಾಗಿದ್ದರೂ ಸಂಖ್ಯೆ ಕಡಿಮೆ ಬಂದು ದಾರಿ ತಪ್ಪಿಸಬಹುದು. ಪಟ್ಟಿಯಿಂದ ದೊರೆಯುವ ದೊಡ್ಡ ಲಾಭ ಹಾಗೂ ಅದರ ದೊಡ್ಡ ತೊಂದರೆ ಎರಡೂ ಈ ಬೆಳಗಿನ ನಿಯಮದಲ್ಲೇ ಇವೆ. ನಿಯಮ ಪಾಲಿಸುವವರಿಗೆ ಇಷ್ಟು ಶುದ್ಧವಾದ ಮಾಹಿತಿ ಬೇರೆ ಯಾವ ಮನೆ ಸಾಧನದಿಂದಲೂ ಸಿಗುವುದು ಕಷ್ಟ. ಮಕ್ಕಳನ್ನು ಶಾಲೆಗೆ ಹೊರಡಿಸುವ ಗಡಿಬಿಡಿಯಲ್ಲಿ ಏಳುವ ತಾಯಿಗೆ ಆ ಎರಡು ನಿಮಿಷ ಕೂಡ ಸುಲಭವಾಗಿ ಸಿಗುವುದಿಲ್ಲ ಎಂಬುದನ್ನು ತರಬೇತುದಾರರು ಮರೆಯಬಾರದು.

ಸಂಖ್ಯೆ ಬಂದ ಮೇಲೆ ಅದನ್ನು ಓದುವ ಬಗೆ ಹೇಗೆ? ಇಲ್ಲಿಯೇ ಹೆಚ್ಚಿನ ಓಟಗಾರರು ಎಡವುತ್ತಾರೆ. ಕಬ್ಬನ್ ಪಾರ್ಕಿನಲ್ಲಿ ಭಾನುವಾರದ ದೂರದ ಓಟ ಮುಗಿಸಿ ನಿಂತವರು ‘ನಿಮ್ಮದು ಎಷ್ಟು ಬಂತು’ ಎಂದು ಒಬ್ಬರನ್ನೊಬ್ಬರು ಕೇಳುವುದನ್ನು ನಾನು ಆಗಾಗ ಕೇಳಿಸಿಕೊಳ್ಳುತ್ತೇನೆ. ಈ ಹೋಲಿಕೆಗೆ ಅರ್ಥವೇ ಇಲ್ಲ. ವಯಸ್ಸು ಮತ್ತು ಹುಟ್ಟುಗುಣಗಳಿಂದಾಗಿ ಒಬ್ಬರ ಸಹಜ ಮಟ್ಟ 30 ಇದ್ದರೆ ಇನ್ನೊಬ್ಬರದು 90 ಇರಬಹುದು, ಮತ್ತು 30 ಇರುವವರೇ ಓಟದಲ್ಲಿ ಮುಂದಿರಬಹುದು. ಅದಲ್ಲದೆ ಎಲ್ಲ ಆಪ್‌ಗಳೂ ಒಂದೇ ಮಾನದಲ್ಲಿ ತೋರಿಸುವುದಿಲ್ಲ. ಆರ್‌ಎಂಎಸ್‌ಎಸ್‌ಡಿಯ ಲಾಗರಿದಮ್ ತೆಗೆದು ಅದನ್ನು ತಮ್ಮದೇ ಅಳತೆಗೋಲಿಗೆ ಹೊಂದಿಸುವುದರಿಂದ ಅದೇ 47 ಮಿಲಿಸೆಕೆಂಡ್ ಎಲೀಟ್ ಎಚ್‌ಆರ್‌ವಿ ಆಪ್‌ನಲ್ಲಿ ಸುಮಾರು 59 ಎಂದೂ, ಎಚ್‌ಆರ್‌ವಿ4ಟ್ರೇನಿಂಗ್ ಆಪ್‌ನ ಅಂಕದಲ್ಲಿ 7.7 ಎಂದೂ ಕಾಣುತ್ತದೆ. ಆಪಲ್ ವಾಚ್ ದಾಖಲಿಸುವುದಂತೂ ಎಸ್‌ಡಿಎನ್‌ಎನ್ ಎಂಬ ಬೇರೆಯದೇ ಅಳತೆ. ಹೋಲಿಸಬೇಕಾದದ್ದು ಇಂದಿನ ನಿಮ್ಮನ್ನು ಕಳೆದ ಎರಡು ತಿಂಗಳ ನಿಮ್ಮೊಂದಿಗೆ ಮಾತ್ರ.

ನಾನು ಅನುಸರಿಸುವ ಪದ್ಧತಿ ಹೀಗಿದೆ. ಮೊದಲ ಕೆಲವು ವಾರ ಅಭ್ಯಾಸದಲ್ಲಿ ಯಾವ ಬದಲಾವಣೆಯನ್ನೂ ಮಾಡದೆ ಕೇವಲ ಅಳೆಯುತ್ತೇವೆ. ಆ ಅವಧಿಯ ಸರಾಸರಿಯ ಆಚೀಚೆ ಓಟಗಾರನ ಸಹಜ ವ್ಯಾಪ್ತಿಯನ್ನು ಗುರುತಿಸಿಕೊಂಡು, ಆಮೇಲೆ ಒಂದು ದಿನದ ಸಂಖ್ಯೆಗಿಂತ ಏಳು ದಿನಗಳ ಚಲಿಸುವ ಸರಾಸರಿಯನ್ನು ಗಮನಿಸುತ್ತೇವೆ. ಒಂದು ಬೆಳಿಗ್ಗೆ ಸಂಖ್ಯೆ ಕುಸಿದರೆ ಕಾರಣ ಕೇಳುತ್ತೇನೆ: ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬಂದದ್ದೇ, ಮದುವೆ ಆರತಕ್ಷತೆಯ ತಡರಾತ್ರಿಯ ಊಟವೇ, ಹಿಂದಿನ ದಿನದ ಓಟವೇ. ಕಾರಣ ಸ್ಪಷ್ಟವಿದ್ದು ಓಟಗಾರ ಹುರುಪಿನಿಂದಿದ್ದರೆ ಹೆಚ್ಚಾಗಿ ಅಭ್ಯಾಸವನ್ನು ಒಂದು ದಿನ ಮುಂದೂಡುವುದಷ್ಟೇ ಸಾಕಾಗುತ್ತದೆ. ಸರಾಸರಿಯೇ ವ್ಯಾಪ್ತಿಯಿಂದ ಕೆಳಗಿಳಿದು ಅಲ್ಲೇ ನಿಂತರೆ, ಜೊತೆಗೆ ವಿಶ್ರಾಂತಿಯ ಬಡಿತವೂ ಏರಿದ್ದರೆ, ಆ ವಾರದ ಇಂಟರ್ವಲ್‌ಗಳನ್ನು ಕೈಬಿಡುತ್ತೇವೆ. ನನ್ನ ಓಟಗಾರರಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಬದಲಾದವರು ಮತ್ತು ಪರೀಕ್ಷೆಯ ವಾರದಲ್ಲಿರುವ ಕಾಲೇಜು ವಿದ್ಯಾರ್ಥಿಗಳ ನಕ್ಷೆಗಳು ನನಗೆ ಬಹಳ ಕಲಿಸಿವೆ. ಅವರು ಓಡಿದ ಕಿಲೋಮೀಟರ್ ಕಡಿಮೆಯಾಗಿದ್ದ ವಾರಗಳಲ್ಲೂ ಸರಾಸರಿ ಕುಸಿದಿತ್ತು. ದೇಹಕ್ಕೆ ಓಟದ ಹೊರೆ ಬೇರೆ, ಬದುಕಿನ ಹೊರೆ ಬೇರೆ ಎಂಬ ಲೆಕ್ಕವಿಲ್ಲ ಎಂಬುದನ್ನು ಓಟಗಾರನಿಗೆ ಮನಗಾಣಿಸಲು ನನ್ನ ನೂರು ಮಾತುಗಳಿಗಿಂತ ಅವನದೇ ನಕ್ಷೆ ಹೆಚ್ಚು ನೆರವಾಗುತ್ತದೆ.

ಈ ಪದ್ಧತಿಗೆ ಸಂಶೋಧನೆಯ ಆಧಾರವೂ ಇದೆ. ಕಿವಿನಿಯೆಮಿ ಮತ್ತು ಸಂಗಡಿಗರು ಫಿನ್ಲೆಂಡಿನಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳಗಿನ ಎಚ್‌ಆರ್‌ವಿ ನೋಡಿಕೊಂಡು ದಿನದ ತೀವ್ರತೆಯನ್ನು ನಿರ್ಧರಿಸಿದ ಗುಂಪು ನಾಲ್ಕು ವಾರಗಳಲ್ಲಿ ಒಳ್ಳೆಯ ಸುಧಾರಣೆ ತೋರಿಸಿತು. ವೆಸ್ಟರಿನೆನ್ ಮತ್ತು ಸಂಗಡಿಗರ 2016ರ ಅಧ್ಯಯನ ನನಗೆ ಇನ್ನೂ ಮುಖ್ಯವೆನಿಸುತ್ತದೆ, ಏಕೆಂದರೆ ಅದರಲ್ಲಿ ಭಾಗವಹಿಸಿದ 40 ಮಂದಿ ನಮ್ಮಂತೆಯೇ ಹವ್ಯಾಸಿ ಓಟಗಾರರು. ಎಂಟು ವಾರಗಳ ತೀವ್ರ ಅಭ್ಯಾಸದಲ್ಲಿ ಎಚ್‌ಆರ್‌ವಿಯನ್ನು ಅನುಸರಿಸಿದವರು ಕಠಿಣ ಅಭ್ಯಾಸಗಳನ್ನು ಕಡಿಮೆ ಸಂಖ್ಯೆಯಲ್ಲಿ ಮಾಡಿದರೂ 3,000 ಮೀಟರ್ ಓಟದಲ್ಲಿ ಸುಮಾರು ಶೇಕಡಾ 2ರಷ್ಟು ಸುಧಾರಿಸಿದರು. ಇವು ಸಣ್ಣ ಗುಂಪುಗಳ, ಸಣ್ಣ ಅವಧಿಯ ಅಧ್ಯಯನಗಳು; ಇವುಗಳನ್ನು ಹಿಡಿದುಕೊಂಡು ಎಚ್‌ಆರ್‌ವಿ ಎಲ್ಲರನ್ನೂ ವೇಗಿಗಳನ್ನಾಗಿಸುತ್ತದೆ ಎಂದು ಹೇಳಲಾಗದು. ಆದರೆ ಕಠಿಣ ಅಭ್ಯಾಸವನ್ನು ದೇಹ ಸಿದ್ಧವಿದ್ದ ದಿನ ಮಾಡಿದರೆ ಕಡಿಮೆ ಅಭ್ಯಾಸದಿಂದಲೂ ಅಷ್ಟೇ ಫಲ ಪಡೆಯಬಹುದು ಎಂಬ ಮಾತು ಕಚೇರಿ, ಮನೆ, ಸಂಚಾರದ ನಡುವೆ ಓಡುವವರಿಗೆ ಅಮೂಲ್ಯವಾದದ್ದು.

ವಾಚು ಮತ್ತು ಉಂಗುರಗಳಿರುವಾಗ ಪಟ್ಟಿ ಏಕೆ ಬೇಕು ಎಂದು ಕೇಳುವವರಿದ್ದಾರೆ. ಅವು ಚರ್ಮದ ಮೇಲೆ ಬೆಳಕು ಹಾಯಿಸಿ ರಕ್ತದ ಹರಿವಿನ ಏರಿಳಿತದಿಂದ ನಾಡಿಯ ಅಂತರವನ್ನು ಅಂದಾಜಿಸುತ್ತವೆ. ಕೈ ಅಲುಗಾಡಿದರೆ ಈ ವಿಧಾನ ಕೆಡುವುದರಿಂದ ಅವು ಎಚ್‌ಆರ್‌ವಿಯನ್ನು ಮುಖ್ಯವಾಗಿ ನಿದ್ರೆಯಲ್ಲಿ ಅಳೆಯುತ್ತವೆ. ಗಾರ್ಮಿನ್ ವಾಚುಗಳು ಸುಮಾರು ಮೂರು ವಾರಗಳ ರಾತ್ರಿಯ ಮಾಹಿತಿ ಸೇರಿಸಿಕೊಂಡು ನಿಮ್ಮ ಸಹಜ ವ್ಯಾಪ್ತಿಯನ್ನು ಕಟ್ಟಿಕೊಳ್ಳುತ್ತವೆ. ಕೈಗೆ ಕಟ್ಟುವ ವೂಪ್ ಪಟ್ಟಿಗೆ ಸದಸ್ಯತ್ವದ ಶುಲ್ಕ ಕಟ್ಟುತ್ತಲೇ ಇರಬೇಕು. ಬೆಂಗಳೂರಿನಲ್ಲೇ ನೆಲೆಯಿರುವ ಅಲ್ಟ್ರಾಹ್ಯೂಮನ್ ಕಂಪನಿಯ ಉಂಗುರವನ್ನು ನಮ್ಮ ನಗರದ ಓಟಗಾರರ ಬೆರಳುಗಳಲ್ಲಿ ಈಗ ಕಾಣಬಹುದು, ಮತ್ತು ನಮ್ಮ ಊರಿನ ಕಂಪನಿಯೊಂದು ಈ ಕ್ಷೇತ್ರದಲ್ಲಿ ಜಗತ್ತಿನ ಮಾರುಕಟ್ಟೆಗೆ ಇಳಿದಿರುವುದು ನನಗೆ ಸಂತೋಷದ ವಿಷಯ. ರಾತ್ರಿಯ ಅಳತೆಯಲ್ಲಿ ಓಟಗಾರನ ಶಿಸ್ತು ಬೇಕಿಲ್ಲ ಎಂಬುದು ಇವೆಲ್ಲವುಗಳ ನಿಜವಾದ ಹೆಚ್ಚುಗಾರಿಕೆ. ಆದರೆ ಸಂಜೆ ಏಳು ಗಂಟೆಗೆ ಕಂಠೀರವ ಕ್ರೀಡಾಂಗಣದಲ್ಲಿ ಇಂಟರ್ವಲ್ ಓಡಿ, ಹತ್ತು ಗಂಟೆಗೆ ಊಟ ಮಾಡಿ ಮಲಗಿದವರ ನಿದ್ರೆಯ ಮೊದಲ ಗಂಟೆಗಳಲ್ಲಿ ಸಂಖ್ಯೆ ಕೆಳಗಿರುವುದು ಸಹಜ. ಅದು ಆ ಸಂಜೆಯ ಶ್ರಮವನ್ನು ಹೇಳುತ್ತದೆಯೇ ಹೊರತು ಬೆಳಗಿನ ಹೊತ್ತಿಗೆ ದೇಹ ಎಷ್ಟು ಚೇತರಿಸಿತು ಎಂಬುದನ್ನು ಪೂರ್ತಿಯಾಗಿ ಹೇಳುವುದಿಲ್ಲ. ಸಂಜೆ ಅಭ್ಯಾಸ ಮಾಡುವ ನನ್ನ ಓಟಗಾರರಿಗೆ ಇದೇ ಕಾರಣದಿಂದ ಬೆಳಗಿನ ಎದೆಪಟ್ಟಿಯನ್ನು ಸೂಚಿಸುತ್ತೇನೆ. ಹಣದ ಅನುಕೂಲವಿಲ್ಲದವರು ಮೊದಲು ಫೋನಿನ ಕ್ಯಾಮೆರಾದ ಮೇಲೆ ಬೆರಳಿಟ್ಟು ಎಚ್‌ಆರ್‌ವಿ4ಟ್ರೇನಿಂಗ್ ಆಪ್‌ನಲ್ಲಿ ಅಳೆಯಬಹುದು. ಈ ಕ್ಯಾಮೆರಾ ವಿಧಾನವನ್ನು ಪೋಲಾರ್ ಎಚ್7 ಪಟ್ಟಿ ಮತ್ತು ಇಸಿಜಿಯೊಂದಿಗೆ ಹೋಲಿಸಿದ 2017ರ ಅಧ್ಯಯನದಲ್ಲಿ ಮೂರರ ಫಲಿತಾಂಶಗಳೂ ಚೆನ್ನಾಗಿ ಹೊಂದಿಕೊಂಡವು.

ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ಸಂಖ್ಯೆ ಏರಿದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ಮಿತಿಮೀರಿ ಅಭ್ಯಾಸ ಮಾಡಿದ ದೂರದ ಓಟಗಾರರಲ್ಲಿ ಎಚ್‌ಆರ್‌ವಿ ಸಹಜ ವ್ಯಾಪ್ತಿಗಿಂತ ಮೇಲೇರುವುದೂ ಉಂಟು; ಕಾಲು ಭಾರವಾಗಿ, ವೇಗ ಬಾರದೆ, ಸಂಖ್ಯೆ ಮಾತ್ರ ಹಸಿರಿನಲ್ಲಿದ್ದರೆ ಕಾಲಿನ ಮಾತನ್ನೇ ನಂಬಬೇಕು. ಹೃದಯದ ಲಯ ತಪ್ಪುವ ತೊಂದರೆಗಳಲ್ಲಿ ಅಂತರಗಳು ಅಸ್ತವ್ಯಸ್ತವಾಗುವುದರಿಂದ ಸಂಖ್ಯೆ ವಿಪರೀತ ಹೆಚ್ಚಾಗಿ ಕಾಣುತ್ತದೆ, ಅದನ್ನು ಆರೋಗ್ಯವೆಂದು ತಿಳಿಯುವುದು ಅಪಾಯ. ಪಟ್ಟಿಯನ್ನು ಸರಿಯಾಗಿ ಕಟ್ಟಿಯೂ ಪದೇ ಪದೇ ಅಸಹಜ ಬಡಿತ ಕಂಡರೆ, ಎದೆನೋವು ಅಥವಾ ತಲೆಸುತ್ತು ಇದ್ದರೆ, ಆಪ್ ಮುಚ್ಚಿ ಹೃದ್ರೋಗ ವೈದ್ಯರನ್ನು ಕಾಣಬೇಕು. ಹೃದಯ ಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರ ಸಂಖ್ಯೆಗಳ ಮೇಲೆ ಮಾತ್ರೆಯ ಪ್ರಭಾವ ಇರುತ್ತದೆ. ಮಹಿಳೆಯರಲ್ಲಿ ಋತುಚಕ್ರದ ಮೊದಲರ್ಧಕ್ಕಿಂತ ಎರಡನೆಯ ಅರ್ಧದಲ್ಲಿ ಎಚ್‌ಆರ್‌ವಿ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಇದನ್ನು ತಿಳಿಯದ ತರಬೇತುದಾರ ಪ್ರತಿ ತಿಂಗಳೂ ಕಾರಣವಿಲ್ಲದೆ ಅವರ ಅಭ್ಯಾಸ ಕಡಿತಗೊಳಿಸುವ ಸಾಧ್ಯತೆಯಿದೆ. ಆದ್ದರಿಂದ ದಿನಾಂಕಗಳನ್ನು ಅವರೇ ಆಪ್‌ನಲ್ಲಿ ಗುರುತು ಹಾಕಿಕೊಂಡು ಒಂದು ಚಕ್ರವನ್ನು ಹಿಂದಿನ ಚಕ್ರದೊಂದಿಗೆ ಹೋಲಿಸುವುದು ಸರಿಯಾದ ಕ್ರಮ.

ಓಡುತ್ತಿರುವಾಗಲೇ ಬಡಿತಗಳ ಅಂತರದಿಂದ ಡಿಎಫ್ಎ ಆಲ್ಫಾ 1 ಎಂಬ ಸೂಚ್ಯಂಕವನ್ನು ಲೆಕ್ಕಹಾಕಿ, ಅದು 0.75ಕ್ಕೆ ಇಳಿದ ಬಿಂದುವನ್ನು ಏರೋಬಿಕ್ ಮಿತಿ (ಆರಾಮದ ಓಟ ಮುಗಿದು ಶ್ರಮ ಹೆಚ್ಚತೊಡಗುವ ಹಂತ) ಎಂದು ಗುರುತಿಸುವ ಆಪ್‌ಗಳೂ ಎಚ್‌10ನ್ನು ಬಳಸುತ್ತವೆ. ವಿಷಯ ಕುತೂಹಲಕರವಾದರೂ ಕೆಲವೇ ಬಡಿತಗಳು ತಪ್ಪಿದರೂ ಫಲಿತಾಂಶ ಬದಲಾಗುವುದರಿಂದ ಹವ್ಯಾಸಿಗಳಿಗೆ ನಾನು ಅದನ್ನು ಸದ್ಯಕ್ಕೆ ಸೂಚಿಸುವುದಿಲ್ಲ. ನಿರಾಯಾಸವಾಗಿ ಮಾತನಾಡುತ್ತಾ ಓಡಬಲ್ಲ ವೇಗವೇ ಅವರಿಗೆ ಸಾಕಷ್ಟು ಒಳ್ಳೆಯ ಗುರುತು.

ಇನ್ನೊಂದು ವಿಷಯವನ್ನು ತರಬೇತುದಾರರು ಗಮನಿಸಬೇಕು. ಬೆಳಗಿನ ಸಂಖ್ಯೆ ಕೆಲವರಲ್ಲಿ ಆತಂಕ ಹುಟ್ಟಿಸುತ್ತದೆ. ಸ್ಪರ್ಧೆಯ ಹಿಂದಿನ ದಿನಗಳಲ್ಲಿ ಸಹಜವಾದ ಉದ್ವೇಗದಿಂದಲೇ ಎಚ್‌ಆರ್‌ವಿ ಇಳಿಯಬಹುದು, ಮತ್ತು ಅದನ್ನು ನೋಡಿದ ಓಟಗಾರ ತಾನು ಸಿದ್ಧನಿಲ್ಲ ಎಂದು ಕುಗ್ಗಿಬಿಡುತ್ತಾನೆ. ಬೆಂಗಳೂರಿನ ವರ್ಲ್ಡ್ 10ಕೆ ಅಥವಾ ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನಿನಂಥ ಓಟಗಳಿಗೆ ಮುಂಚಿನ ಎರಡು ಮೂರು ದಿನ ಅಳತೆಯನ್ನು ನಿಲ್ಲಿಸುವಂತೆ ನಾನು ಹೇಳುತ್ತೇನೆ. ಆ ಹೊತ್ತಿಗೆ ಮಾಡಬೇಕಾದ ಅಭ್ಯಾಸ ಮುಗಿದಿರುತ್ತದೆ. ಸಂಖ್ಯೆಯಿಂದ ಬದಲಿಸಬಹುದಾದ ನಿರ್ಧಾರ ಯಾವುದೂ ಉಳಿದಿರುವುದಿಲ್ಲ. ಅದೇ ರೀತಿ, ಓಟವನ್ನು ಈಗಷ್ಟೇ ಆರಂಭಿಸಿ ವಾರಕ್ಕೆ ಎರಡು ಮೂರು ದಿನ ನಿಧಾನವಾಗಿ ಓಡುವವರು ಈ ಪಟ್ಟಿ ಕೊಳ್ಳುವ ಅಗತ್ಯವಿಲ್ಲ. ಅವರ ಹಣ ಒಳ್ಳೆಯ ಶೂಗಳಿಗೆ ಹೋಗಲಿ.

ಕೊಳ್ಳುವವರು ಎದೆಯ ಸುತ್ತಳತೆ ನೋಡಿ ಪಟ್ಟಿಯ ಅಳತೆ ಆರಿಸಬೇಕು. ಸಡಿಲವಾದ ಪಟ್ಟಿಯಿಂದ ಮೇಲೆ ಹೇಳಿದ ತಪ್ಪು ಲೆಕ್ಕಗಳೆಲ್ಲ ಶುರುವಾಗುತ್ತವೆ. ಬಳಸಿದ ಬಳಿಕ ಸಂವೇದಕವನ್ನು ಪಟ್ಟಿಯಿಂದ ಬಿಡಿಸಿಡಬೇಕು, ಏಕೆಂದರೆ ಒದ್ದೆ ಪಟ್ಟಿಗೆ ಅಂಟಿಕೊಂಡೇ ಇದ್ದರೆ ಅದು ಚಾಲನೆಯಲ್ಲೇ ಉಳಿದು ಸೆಲ್ ಬೇಗ ಮುಗಿಯುತ್ತದೆ. ಬೆವರಿನ ಉಪ್ಪು ಎಲೆಕ್ಟ್ರೋಡ್‌ಗಳನ್ನು ಹಾಳುಮಾಡುವುದರಿಂದ ಓಟದ ನಂತರ ಪಟ್ಟಿಯನ್ನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಪಟ್ಟಿ ಸವೆದಾಗ ಅದೊಂದನ್ನೇ ಬೇರೆಯಾಗಿ ಕೊಳ್ಳಬಹುದು, ಸಂವೇದಕ ಬದಲಿಸಬೇಕಿಲ್ಲ. ಸೆಲ್ ಕೊಳ್ಳುವಾಗ ಸಿಆರ್2025 ಎಂದು ಸಂಖ್ಯೆ ಹೇಳಿಯೇ ಕೇಳಿರಿ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಸಿಆರ್2032 ಅಗಲದಲ್ಲಿ ಅಷ್ಟೇ ಇದ್ದರೂ 0.7 ಮಿಲಿಮೀಟರ್ ಹೆಚ್ಚು ದಪ್ಪವಾಗಿರುವುದರಿಂದ ಇದರಲ್ಲಿ ಕೂರುವುದಿಲ್ಲ.